ಡೈನೋ ಸಾರ್ ಬಾಯೊಳಗೆ ಅಳುವ ಮಕ್ಕಳು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಎಡಕ್ಕೆ ಮಣ್ಣುದಾರಿ ಹಿಡಿದರೆ ಸಿಗುವ ಡೈನೋ ವಿಹಾರಧಾಮದೊಳಗೆ, ಕೊನೆಯ ತಿರುವಿನ ಹೊಂಗೆಮರದ ಪಕ್ಕದಲ್ಲಿ, ಬಿಸಿಲು ಮಳೆ ಎನ್ನದೆ, ರಜೆ ಗಿಜೆ ಕೇಳದೆ, ನಿಂತ ಕಾಲಲ್ಲೇ ಕರ್ತವ್ಯ ನಿರ್ವಹಿಸುತ್ತಿರುವ, ಹಸಿರು ಮೈಯಿನ, ನೀಳ ಕತ್ತಿನ, ಪರಮಪೂಜ್ಯ ಡೈನೋ ಸಾರ್ ಅವರ ಪಾದಗಳಿಗೆ, ಸೋಸಲೆ ಪಕ್ಕದ ಊರಿನ ಸಿದ್ದು ಎಂಬುವರ ಹೆಂಡತಿ ಇಂದ್ರಾಣಿ ಎರಡೂ ಕೈ ಜೋಡಿಸಿ ಬರೆದುಕೊಳ್ಳುವ ಬಹಿರಂಗ ಪತ್ರ. ಬರೆದದ್ದು 2004ನೇ ಇಸವಿಯ ಆಷಾಢ ಮಾಸದಲ್ಲಿ.

ಮಾನ್ಯರೇ,

ಮೊದಲಿಗೆ ತಮ್ಮ ಯೋಗಕ್ಷೇಮ. ಮುಂಗಾರಿನ ಮೊದಲ ಮಳೆಗೇ ತಮ್ಮ ಹೊಟ್ಟೆಯ ಬಣ್ಣ ಹಪ್ಪಳದ ಹಾಗೆ ಉಬ್ಬಿಕೊಂಡಿದ್ದನ್ನೂ, ಹಿಂಗಾಲಿನ ಸಿಮೆಂಟು ಬಿರುಕು ಬಿಟ್ಟು ಒಳಗಿನ ಕಬ್ಬಿಣದ ಸರಳು ಇಣುಕುತ್ತಿದ್ದುದನ್ನೂ ನಾನು ಕಣ್ಣಾರೆ ನೋಡಿ ಬಂದಿರುವುದರಿಂದ ತಾವು ಕ್ಷೇಮವೆಂದು ನಾನೇ ಬರೆದುಬಿಡಲು ಧೈರ್ಯ ಸಾಲದು. ನಮ್ಮ ಮನೆಯ ಕ್ಷೇಮದ ವಿಚಾರವಾಗಿಯೇ ಈ ಪತ್ರ. ನಾನು ಏಳನೇ ತರಗತಿಯನ್ನು ನಡುವೆ ಬಿಟ್ಟವಳು, ಒತ್ತು ತಪ್ಪಿದ್ದರೆ, ದೀರ್ಘ ಎಳೆಯದೆ ಹೋಗಿದ್ದರೆ ತಾವೇ ತಿದ್ದಿಕೊಂಡು ಓದಬೇಕು. ಎಷ್ಟೆಂದರೂ ತಾವು ಸಾರ್.

ಇಷ್ಟು ದೊಡ್ಡವರಿಗೆ ನೇರವಾಗಿ ಬರೆಯುವ ಸೊಕ್ಕು ನನ್ನದಲ್ಲ. ತಮ್ಮ ಮ್ಯಾನೇಜರ್ ಗಂಗಾಧರಸ್ವಾಮಿಯವರ ಹತ್ತಿರ ನಾನೂ ನನ್ನ ಅತ್ತೆ ಪಾಪಮ್ಮನವರೂ ದೂರು ಹೇಳಿಕೊಂಡು ಬಂದಾಗ ಅವರು ಕುರ್ಚಿಯಿಂದ ಏಳದೆ, "ನನ್ ತಾವು ಏನಮ್ಮ ಕೇಳ್ತೀಯ, ನಿನ್ ಮಗೀನ ಎದರ್ಸಿದ್ದು ನಾನಾ? ಅಗೋ ಅಲ್ಲಿ ನಿಂತದಲ್ಲ, ಓಗಿ ಅದ್ರ ಜೊತೇಲೇ ಮಾತಾಡ್ಕೊ" ಎಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು ತಮ್ಮ ಜೊತೆಯಲ್ಲೇ ಮಾತಾಡಿಕೊಳ್ಳುತ್ತಿದ್ದೇನೆ. ನಾಲ್ಕು ಜನಕ್ಕೆ ಕೇಳುವ ಹಾಗೆ ಮಾತಾಡಿಕೊಳ್ಳುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ತಾವು ಈ ಸೀಮೆಗೆ ದಯಮಾಡಿಸಿದ ಸುದ್ದಿಯನ್ನು ಬೇಸಿಗೆ ರಜೆಯಲ್ಲಿ ಆಟೋಗೆ ಮೈಕು ಕಟ್ಟಿ ಊರೂರಿಗೆ ಕೂಗಿಸಿದರು. "ಮಕ್ಕಳೊಂದಿಗೆ ಬನ್ನಿ, ಡೈನೋಸಾರ್ ನೋಡಿ, ಗಾಡಿಯಿಂದ ಇಳಿಯದೆಯೇ ನೋಡಿ" ಎಂದು ಆ ಮೈಕು ನಮ್ಮ ಬೀದಿಯಲ್ಲಿ ಅರಚುವಾಗ ನನ್ನ ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ಯಾವ್ ಸಾರವ್ವ ಅವ್ರು? ಟ್ರಾನ್ಸ್‌ಫರ್ ಆಗ್ ಬಂದವ್ರಾ?" ಎಂದು ಕೇಳಿದರು. ಅವರಿಗೆ ಗೊತ್ತಿರುವುದು ಗಣಿತದ ಸಾರ್, ಡ್ರಿಲ್ ಸಾರ್, ಹೆಡ್ ಸಾರ್ ಇವರೇ. ಡೈನೋ ಸಾರ್ ಎಂದರೆ ಇನ್ನೊಬ್ಬ ಮೇಷ್ಟ್ರು ಎಂದುಕೊಂಡರು. ಸುಮ್ಮನಿರಲಾರದ ನಮ್ಮ ಯಜಮಾನರು, "ಊ ಕಣವ್ವ, ಬೋ ದೂರದಿಂದ ಬಂದವ್ರೆ. ಎತ್ತರ ಅಂದ್ರೆ ಎತ್ತರ. ಇಲ್ಲಿ ಕುಂತ್ಕಂಡು ಆಚೆ ಬೀದಿ ಐಕಳ ಕಿವಿ ಇಂಡ್ತಾರೆ" ಎಂದರು. ನಮ್ಮ ಚಿಕ್ಕವನು ಗೌತಮನಿಗೆ ಇನ್ನೂ ಮೂರು ತುಂಬಿಲ್ಲ. ಅವನಿಗೆ ಗೊತ್ತಿರುವ ಸಾರು ಒಂದೇ ಆದ್ದರಿಂದ ಒಳಗಿನಿಂದ ತಟ್ಟೆ ತಂದು, "ನಂಗೂ ಅನ್ನಕ್ಕೆ ಆಕು" ಎಂದ. ಎಲ್ಲರೂ ನಕ್ಕೆವು. ನಗದೆ ಕೂತಿದ್ದವಳು ಅವನ ಅಕ್ಕ ಮಧುಶ್ರೀ ಒಬ್ಬಳೇ.

ಅವಳು ಯಾಕೆ ನಗಲಿಲ್ಲ ಎಂಬುದನ್ನು ತಾವು ತಿಳಿಯಬೇಕು. ಜೂನ್ ತಿಂಗಳಿಗೆ ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಾಗಿತ್ತು. ಅಲ್ಲಿಯವರೆಗೆ ಅಂಗನವಾಡಿಗೆ ಹೋಗುತ್ತಿದ್ದಳು, ಅಲ್ಲಿ ಇದ್ದದ್ದು ಟೀಚರಮ್ಮ ಒಬ್ಬರು, ಸಹಾಯಕಿ ಒಬ್ಬರು. ಸಾರ್ ಎಂಬುವವರನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ನಾವು ಮಾತ್ರ ಅವಳ ತಲೆ ಬಾಚುವಾಗಲೂ ಊಟ ಬಡಿಸುವಾಗಲೂ, ದೊಡ್ಡ ಸ್ಕೂಲಿನಲ್ಲಿ ಸಾರ್ ಇರುತ್ತಾರೆ, ಸಾರ್ ಹೇಳಿದ ಹಾಗೆ ಕೇಳಬೇಕು, ಸಾರ್ ಮುಂದೆ ಹೀಗೆಲ್ಲ ಮೂಗಿಗೆ ಬೆರಳು ಹಾಕಬಾರದು ಎಂದು ಒಂದು ತಿಂಗಳಿನಿಂದ ತುಂಬಿಸುತ್ತ ಬಂದಿದ್ದೆವು. ಹಾಗಿರುವಾಗ ಬೀದಿಯಲ್ಲಿ ಮೈಕು ಕಟ್ಟಿಕೊಂಡು, ಬನ್ನಿ ಸಾರ್ ನೋಡಿ ಎಂದು ಕರೆದರೆ ಮಗು ಏನೆಂದುಕೊಳ್ಳಬೇಕು? ಸ್ಕೂಲು ಶುರುವಾಗುವುದಕ್ಕೆ ಮುಂಚೆ ಸಾರ್ ಅವರನ್ನು ಒಮ್ಮೆ ನೋಡಿಕೊಂಡು ಬರೋಣ ಎಂದುಕೊಂಡಿತು. ಅವಳೇ ಹಟ ಮಾಡಿ ಹೊರಡಿಸಿದಳು. ತಲೆಗೆ ಎಣ್ಣೆ ಹಾಕಿಸಿಕೊಂಡು, ಹೊಸ ರಿಬ್ಬನ್ ಕಟ್ಟಿಸಿಕೊಂಡು, ತಮಗೆ ಕೊಡಲೆಂದು ಹಿತ್ತಲಿನ ಒಂದು ಕನಕಾಂಬರದ ದಂಡೆಯನ್ನೂ ಹಿಡಿದುಕೊಂಡಿದ್ದಳು. ತಾವು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ನನಗೆ ಹಿಂದಿನ ದಿನದಿಂದಲೇ ಸಮಾಧಾನವಿರಲಿಲ್ಲ. ಗಾಡಿ ಎಂದರೆ ನಮ್ಮ ಭಾವ ಮಾದೇಶ್ ಅವರ ಲಗೇಜ್ ಆಟೋ. ನಂಜನಗೂಡಿಗೆ ಬಾಳೆಗೊನೆ ಹೊಡೆಯುವ ಗಾಡಿ. ಅದರ ಹಿಂದಿನ ಬಾಗಿಲಿನ ಕೊಂಡಿ ನಂಬುವ ಹಾಗಿಲ್ಲ, ಮಕ್ಕಳು ಜಾರಿ ಬಿದ್ದರೇನು ಗತಿ ಎಂದು ನಾನು ಎಮ್ಮೆ ಕಟ್ಟುವ ಹಗ್ಗ ತಂದು ಬಿಗಿದೆ. ಬಿಸಿಲು ಹೊಡೆದರೆ ಎಂದು ಟಾರ್ಪಾಲು ಹೊದಿಸಲು ಮೇಲಿನ ಪೈಪು ಹಾಕಿಸಿದೆ. ಹುಳ ಹುಪ್ಪಟೆ ಇದ್ದರೆ ಎಂದು ಬೇವಿನ ಸೊಪ್ಪು ಇಟ್ಟುಕೊಂಡೆ. ನಮ್ಮ ಯಜಮಾನರು, "ಯುದ್ಧಕ್ಕೆ ಓಯ್ತಿದ್ದೀವಾ ಇಂದ್ರಾಣಿ?" ಎಂದು ಗೇಲಿ ಮಾಡಿದರು. ಇಷ್ಟೆಲ್ಲ ಹೆದರಿಕೊಂಡವಳು ಹೆದರಬೇಕಾದ ಒಂದಕ್ಕೆ ಮಾತ್ರ ಹೆದರದೆ ಹೋದೆ. ಅದು ತಮ್ಮ ಭಾಗ್ಯ.

ವಿಹಾರಧಾಮದ ಗೇಟಿನಲ್ಲಿ ಸೀಟಿ ಹಿಡಿದು ನಿಂತಿದ್ದ ವಾಚ್‌ಮನ್ನರು ನಮ್ಮ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಕಾರ್‌ನವ್ರಿಗೆ ಸಾ ಇದು" ಎಂದರು. ಭಾವನವರು, "ಇದ್ಕೂ ಚಕ್ರ ಅವೆ, ಎಣಿಸ್ಕೊ" ಎಂದರು. ಬೋರ್ಡಿನಲ್ಲಿ ಗಾಡಿ ಎಂದಿತ್ತೇ ವಿನಾ ಇಂಥದೇ ಗಾಡಿ ಎಂದು ಇರಲಿಲ್ಲವಾದ್ದರಿಂದ ಒಳಗೆ ಬಿಟ್ಟರು. ಗಾಡಿಯಿಂದ ಯಾರೂ ಇಳಿಯಬಾರದು, ಇಳಿದರೆ ಜವಾಬ್ದಾರಿ ವಿಹಾರಧಾಮದ್ದಲ್ಲ ಎಂದೂ ಅದೇ ಬೋರ್ಡಿನಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು. ಅದನ್ನು ಓದಿ ನಾನು ಮಕ್ಕಳ ಫ್ರಾಕು ಚಡ್ಡಿಗಳನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡೆ.

ತಮ್ಮ ಸಹೋದ್ಯೋಗಿಗಳ ದರ್ಶನವೂ ಆಯಿತು. ಮೊದಲು ಸಿಕ್ಕವರಿಗೆ ಮೂರು ಕೊಂಬು, ಒಂದು ಮುರಿದಿದ್ದರಿಂದ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದ್ದರು. ಆಮೇಲೆ ಸಿಕ್ಕವರಿಗೆ ಬಾಯಿ ತುಂಬ ಗರಗಸದಂಥ ಹಲ್ಲು, ಆದರೆ ಕೈ ಮಾತ್ರ ಕೂಸಿನ ಕೈ. ಆ ಕೈಗೆ ವಾಚ್‌ಮನ್ನರ ಬನಿಯನ್ ಒಣಹಾಕಿತ್ತು. ಅವರ ನೆರಳಿನಲ್ಲಿ ಯಾರದೋ ಮೇಕೆಗಳು ಮಲಗಿ ಮೆಲುಕು ಹಾಕುತ್ತಿದ್ದವು. ಅವು ಗಾಡಿಯಲ್ಲಿ ಬಂದಿರಲಿಲ್ಲ, ಆದರೂ ಅವುಗಳಿಗೆ ಯಾರೂ ಸೀಟಿ ಊದಲಿಲ್ಲ. ಇಲ್ಲಿಯವರೆಗೆ ಮಧುಶ್ರೀ ಖುಷಿಯಾಗಿಯೇ ಇದ್ದಳು. "ಇವ್ರು ಯಾವ್ ಕ್ಲಾಸಿಗೆ?" ಎಂದು ಒಬ್ಬೊಬ್ಬರನ್ನೂ ತೋರಿಸಿ ಕೇಳುತ್ತಿದ್ದಳು. ನಮ್ಮ ಯಜಮಾನರು ಮೂರು ಕೊಂಬಿನವರಿಗೆ ನಾಲ್ಕನೇ ಕ್ಲಾಸು, ಹಲ್ಲಿನವರಿಗೆ ಆರನೇ ಕ್ಲಾಸು ಹಂಚಿದರು. "ನಂಗೆ?" ಎಂದಳು. "ನಿಂಗೆ ದೊಡ್ಡ ಸಾರು. ಮುಂದ್ಗಡೆ ಅವ್ರೆ, ಬತ್ತಾರೆ ತಡಿ" ಎಂದರು.

ಆಗ ತಾವು ಬಂದಿರಿ. ತಾವು ಬರಲಿಲ್ಲ, ನಾವೇ ಬಂದೆವು, ಆದರೆ ತಮ್ಮ ಕತ್ತು ಮಾತ್ರ ಬಂತು. ಹಿಟ್ಟಿನ ಗಿರಣಿಯ ಮೋಟರಿನಂತೆ ಸದ್ದು ಮಾಡುತ್ತ, ಎಮ್ಮೆ ಈಯುವಾಗ ಕೂಗುವಂಥ ಒಂದು ಕೂಗನ್ನು ಮೈಕಿನಲ್ಲಿ ಹಾಕುತ್ತ, ಮೇಲಿನಿಂದ ಕೆಳಕ್ಕೆ ಇಳಿದು, ಕಾರಿನವರಾದರೆ ಗಾಜಿನ ಹೊರಗೆ ನಿಂತು ನೋಡಿ ಹೋಗಬೇಕಾಗಿದ್ದ ಆ ತಲೆ, ನಮ್ಮ ಗಾಡಿಗೆ ಗಾಜೂ ಇಲ್ಲ ಸೂರೂ ಇಲ್ಲ ಎಂಬುದನ್ನು ಅರಿತು ನೇರವಾಗಿ ಒಳಗೇ ಬಂತು. ಸರಿಯಾಗಿ ಆ ಗಳಿಗೆಗೆ ಕರೆಂಟು ಹೋಯಿತು.

ಮಾನ್ಯರೇ, ನಮ್ಮ ಸೀಮೆಯಲ್ಲಿ ಕರೆಂಟು ಹೋಗುವುದು ಯಾರ ತಪ್ಪೂ ಅಲ್ಲ. ಆದರೆ ಹೋಗುವಾಗ ತಮ್ಮ ಕೆಳಗಿನ ದವಡೆ ನಮ್ಮ ಟಾರ್ಪಾಲಿನ ಪೈಪಿಗೆ ಸಿಕ್ಕಿಹಾಕಿಕೊಂಡಿತ್ತಲ್ಲ, ಅದನ್ನು ನಾನು ಯಾರ ಲೆಕ್ಕಕ್ಕೆ ಬರೆಯಲಿ? ಗಾಡಿ ಮುಂದಕ್ಕೆ ಎಳೆಯಲು ಹೋದರೆ ವಾಚ್‌ಮನ್ನರು, "ಎಳೀಬೇಡಿ ಸಾ, ತಲೆ ಕಿತ್ಕ ಬತ್ತದೆ!" ಎಂದು ಓಡಿ ಬಂದರು. ಇಳಿದು ಬಿಡಿಸೋಣವೆಂದು ನಮ್ಮ ಯಜಮಾನರು ಒಂದು ಕಾಲು ಕೆಳಗಿಟ್ಟರೆ ಸೀಟಿ ಊದಿದರು.

"ಇಳೀಬೇಡಿ ಸಾ, ರೂಲ್ಸು!"

"ಯಾಕ್ಲಾ, ಕಚ್ತದಾ?"

"ಕಚ್ಚಕಿಲ್ಲ ಸಾ, ನನ್ ಕೆಲ್ಸ ಓಯ್ತದೆ."

ಹೀಗಾಗಿ ಒಬ್ಬರ ಕೆಲಸ ಉಳಿಯಲೆಂದು ನಾವೆಲ್ಲ ತಮ್ಮ ಬಾಯಿಯ ಕೆಳಗೆ ಕೂತೆವು. ಹಿಂದೆ ಮೈಸೂರಿನ ಕಡೆಯವರ ವ್ಯಾನು ನಿಂತು ಹಾರನ್ ಹೊಡೆಯುತ್ತಿತ್ತು. ಗೌತಮ ತಮ್ಮ ಮೂಗಿನ ತೂತಿಗೆ ಬೇವಿನ ಸೊಪ್ಪು ತುರುಕುತ್ತಿದ್ದ. ಮಧುಶ್ರೀ ಮಾತ್ರ ಕನಕಾಂಬರದ ದಂಡೆಯನ್ನು ಹಿಡಿದುಕೊಂಡೇ ತಮ್ಮ ಬಾಯನ್ನು ನೋಡುತ್ತ ಕೂತಿದ್ದಳು. ಅಷ್ಟರಲ್ಲಿ ವ್ಯಾನಿನವರು ಹಾರನ್ ನಿಲ್ಲಿಸಿದರು. ಮೈಕೂ ನಿಂತಿತ್ತು, ಮೋಟರೂ ನಿಂತಿತ್ತು. ಆಗ ತಮ್ಮ ಗಂಟಲಿನ ಒಳಗಿನಿಂದ ಸಣ್ಣದಾಗಿ, ಕೀಚು ಕೀಚಾಗಿ, ಬಹಳ ಜನ ಒಟ್ಟಿಗೆ ಅಳುವ ಸದ್ದು ಕೇಳಿಸಿತು.

ತಮ್ಮ ಬಾಯೊಳಗೆ ಗೊರವಂಕ ಹಕ್ಕಿ ಗೂಡು ಕಟ್ಟಿ ಮರಿ ಮಾಡಿತ್ತು. ಅದನ್ನು ನಾನು ಗೂಡಿನ ಹುಲ್ಲು ನೋಡಿದ ಕೂಡಲೇ ಅರ್ಥ ಮಾಡಿಕೊಂಡೆ. ಮಗುವಿಗೆ ಹುಲ್ಲು ಕಾಣಲಿಲ್ಲ. "ಅವ್ವಾ, ಸಾರ್ ಬಾಯೊಳ್ಗೆ ಮಕ್ಕ ಅಳ್ತಾವೆ" ಎಂದಳು. ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ, ಜಗತ್ತಿನಲ್ಲಿ ಯಾವ ಮಾತನ್ನು ಎಲ್ಲಿ ಆಡಬಾರದೋ ಅದನ್ನು ಅಲ್ಲೇ ಆಡುವ ವರವನ್ನು ಪಡೆದಿರುವ ನಮ್ಮ ಯಜಮಾನರು, "ಊ ಕಣವ್ವ, ಓಂವರ್ಕ್ ಮಾಡ್ದೆ ಬಂದ ಮಕ್ಕ ಅವು. ಸಾರು ಬಾಯ್ಗಾಕ್ಕಂಡವ್ರೆ" ಎಂದರು. ಭಾವನವರೂ ನಕ್ಕರು, ವಾಚ್‌ಮನ್ನರೂ ನಕ್ಕರು. ಮಗು ಅಳಲಿಲ್ಲ. ಅತ್ತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೋ ಏನೋ. ನನ್ನ ಸೆರಗನ್ನು ಎಳೆದುಕೊಂಡು ತಲೆಯ ಮೇಲೆ ಹೊದ್ದು, ದಂಡೆಯನ್ನು ನನ್ನ ಕೈಗೆ ಕೊಟ್ಟುಬಿಟ್ಟಳು. ಆಮೇಲೆ ಕರೆಂಟು ಬಂತು, ತಾವು ಮತ್ತೊಮ್ಮೆ ಕೂಗಿ ತಲೆ ಎತ್ತಿಕೊಂಡು ಹೋದಿರಿ. ಹೋಗುವಾಗ ಪೈಪಿನ ಮೇಲೆ ಮಡಚಿ ಹಾಕಿದ್ದ ನಮ್ಮ ಟಾರ್ಪಾಲನ್ನೂ ತೆಗೆದುಕೊಂಡು ಹೋದಿರಿ. ಅದು ತಮಗೆ ಹೆಗಲ ಮೇಲಿನ ವಲ್ಲಿಯಂತೆ ಚೆನ್ನಾಗಿ ಒಪ್ಪುತ್ತಿತ್ತು ಎಂದು ಭಾವನವರು ಹೇಳುತ್ತಾರೆ.

ಇನ್ನು ಜೂನ್ ತಿಂಗಳ ಸಮಾಚಾರ. ನಮ್ಮೂರ ಸ್ಕೂಲಿನ ಒಂದನೇ ಕ್ಲಾಸಿಗೆ ಬೆಟ್ಟಸ್ವಾಮಿ ಎಂಬ ಹೊಸ ಮೇಷ್ಟ್ರು ಬಂದಿದ್ದರು. ಚಿಕ್ಕ ವಯಸ್ಸಿನವರು, ಮೆತ್ತಗಿನವರು, ಆದರೆ ಏನು ಮಾಡುವುದು, ಎತ್ತರ. ಕ್ಲಾಸಿನ ಬಾಗಿಲು ಹಳೆಯದು, ಗಿಡ್ಡ. ಮಗುವನ್ನು ಸೇರಿಸಲು ಹೊಸಿಲ ಹತ್ತಿರ ನಿಲ್ಲಿಸಿಕೊಂಡಿದ್ದೆವು. ಅವರು ಒಳಗಿನಿಂದ ಬಂದವರು ತಲೆ ತಾಗದಿರಲೆಂದು ಮೊದಲು ಕತ್ತನ್ನು ಹೊರಗೆ ಹಾಕಿ, ಆಮೇಲೆ ಮೈಯನ್ನು ತಂದು, "ಬಾವ್ವ ಮಧುಶ್ರೀ" ಎಂದು ಕೈ ಚಾಚಿದರು. ಅವರು ತನ್ನನ್ನು ಬಾಯಿಗೆ ಹಾಕಿಕೊಳ್ಳುವುದಕ್ಕೆ ಮುಂಚೆ ತಾನೇ ಹಾಕಿಕೊಂಡುಬಿಡುವುದು ಒಳ್ಳೆಯದು ಎಂದು ಮಗು ಆ ಕೈಯನ್ನು ಕಚ್ಚಿತು. ರಕ್ತ ಬಂತು. ಮೇಷ್ಟ್ರು ಕೈ ಒದರಿಕೊಂಡು, "ಅಲ್ಲು ಬಲೆ ಗಟ್ಟಿ ಅವೆ ಕಣಮ್ಮ" ಎಂದು ನಕ್ಕರೇ ಹೊರತು ಬೈಯಲಿಲ್ಲ. ನಾನು ಮಾತ್ರ ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ.

ಅಂದಿನಿಂದ ಸ್ಕೂಲಿನ ಹೊತ್ತಾದರೆ ಅವಳು ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ. ಸಾರ್ ಎಂಬ ಪದ ಕಿವಿಗೆ ಬಿದ್ದರೆ ಎರಡೂ ಕಿವಿಗೆ ಕೈ. ಊಟಕ್ಕೆ ಕೂತಾಗ, "ಸಾರು ಬಿಡ್ಲಾ?" ಎಂದರೂ ತಟ್ಟೆ ಬಿಟ್ಟು ಏಳುತ್ತಾಳೆ ಎಂದು ಮನೆಯಲ್ಲಿ ಎಲ್ಲರೂ ಅದನ್ನು ಎಸರು ಎಂದೇ ಕರೆಯತೊಡಗಿದೆವು. ನಮ್ಮ ಯಜಮಾನರಿಗೂ ಬುದ್ಧಿ ಬಂದು, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಅವು ಗೊರವಂಕನ ಮರಿಗಳು ಕಣವ್ವ, ನಾ ತಮಾಸಿಗಂದೆ" ಎಂದು ದಿನಾ ಕೈಮುಗಿದರು. ಅವಳು ಬಹಳ ಯೋಚನೆ ಮಾಡಿ, "ಸಾರ್ ಬಾಯ್ಗಾಕ್ಕಂಡ ಮ್ಯಾಲೆ ಮಕ್ಕಳು ಗೊರವಂಕ ಆಗೋಯ್ತಾವಾ?" ಎಂದು ಕೇಳಿದಳು. ಅವರು ಎದ್ದು ಹೊರಗೆ ಹೋದರು.

ಇದರಲ್ಲೇನು ಅಂಥ ದೊಡ್ಡದು, ಒಂದು ತಿಂಗಳು ತಡವಾಗಿ ಹೋದರೆ ಮುಗಿಯಿತು, ಎಂದು ಸಿಮೆಂಟಿನ ಎದೆಯುಳ್ಳ ತಮಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನಾನು ಓದುವಾಗ ನಮಗೊಬ್ಬರು ಸಾರ್ ಇದ್ದರು. ಎಲ್ಲರ ಪುಸ್ತಕವನ್ನೂ ಕೈಗೆ ತೆಗೆದುಕೊಂಡು ತಿದ್ದುತ್ತಿದ್ದರು. ನಮ್ಮ ಬೀದಿಯ ಮಕ್ಕಳ ಪುಸ್ತಕವನ್ನು ಮಾತ್ರ ನೆಲದ ಮೇಲೆ ಇಡಿಸಿ, ಬೆತ್ತದ ತುದಿಯಿಂದ ಹಾಳೆ ಮಗುಚುತ್ತಿದ್ದರು. ಅವರು ಒಂದು ದಿನವೂ ನನಗೆ ಹೊಡೆದವರಲ್ಲ. ಆದರೂ ಆ ಬೆತ್ತದ ತುದಿ ನನ್ನ ಹಾಳೆಯ ಹತ್ತಿರ ಬರುವಾಗ ನಾನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಹೊಟ್ಟೆನೋವು ಎಂದು ಒಂದು ದಿನ ಉಳಿದೆ, ಜ್ವರ ಎಂದು ನಾಲ್ಕು ದಿನ ಉಳಿದೆ, ಆಮೇಲೆ ಯಾರೂ ಕೇಳಲಿಲ್ಲ, ನಾನೂ ಹೋಗಲಿಲ್ಲ. ಸ್ಕೂಲು ಬಿಡುವವರು ಬಾಗಿಲಲ್ಲಿ ಹೇಳಿ ಬಿಡುವುದಿಲ್ಲ ಮಾನ್ಯರೇ, ಹೀಗೆ ರಾಗಿ ವಾಡೆಯ ಹಿಂದಿನಿಂದಲೇ ಬಿಡುತ್ತಾರೆ. ಅದಕ್ಕೇ ನನಗೆ ಅನ್ನ ಸೇರುತ್ತಿರಲಿಲ್ಲ.

ಮಗು ಬೆಚ್ಚಿದರೆ ಬೆಚ್ಚಿಸಿದವರ ಪಾದದ ಮಣ್ಣು ತಂದು, ಉಪ್ಪು ಮೆಣಸಿನಕಾಯಿ ಸೇರಿಸಿ ನೀವಾಳಿಸಿ ಒಲೆಗೆ ಹಾಕುವುದು ನನ್ನ ಅತ್ತೆಯವರು ಕಂಡ ಔಷಧಿ. ನಾಯಿ ಆದರೆ ನಾಯಿಯ ಹೆಜ್ಜೆಯದು, ಮನುಷ್ಯರಾದರೆ ಮನುಷ್ಯರದು. ನನಗೆ ಅದರಲ್ಲಿ ಪೂರಾ ನಂಬಿಕೆ ಇಲ್ಲ, ಆದರೆ ಪೂರಾ ನಂಬದೆ ಇರುವಷ್ಟು ಧೈರ್ಯವೂ ಇಲ್ಲ. ಹಾಗಾಗಿ ಇಬ್ಬರೂ ಬಸ್ಸು ಹತ್ತಿ ಬಂದು ಮತ್ತೆ ತಮ್ಮ ಸನ್ನಿಧಿಯಲ್ಲಿ ನಿಂತೆವು. ಈ ಸಲ ಗಾಡಿ ಇರಲಿಲ್ಲವಾದ್ದರಿಂದ ನಮ್ಮನ್ನು ಗೇಟಿನೊಳಗೇ ಬಿಡಲಿಲ್ಲ. ಬೇಲಿ ಸಂದಿಯಲ್ಲಿ ಮೇಕೆಗಳು ನುಗ್ಗುವ ಕಡೆ ನುಗ್ಗಿ ಬಂದೆವು. ಅತ್ತೆಯವರು ಸೆರಗಿನಿಂದ ಚಮಚ ತೆಗೆದು ತಮ್ಮ ಪಾದದ ಬುಡ ಕೆರೆದರು. ಮಣ್ಣಿಗೆ ಬದಲು ಸಿಮೆಂಟಿನ ಪುಡಿ ಬಂತು. ಇನ್ನಷ್ಟು ಕೆರೆದರು, ಕಬ್ಬಿಣ ಬಂತು. "ಥೂ, ಇದ್ಕೆ ಪಾದವೇ ಇಲ್ವಲ್ಲೇ! ನೆಲದ ಮ್ಯಾಗೇ ನಿಂತಿಲ್ಲ ಇದು!" ಎಂದು ಅವರು ಕೂಗಿದ್ದಕ್ಕೆ ವಾಚ್‌ಮನ್ನರು ಬಂದು ನಮ್ಮನ್ನು ಮ್ಯಾನೇಜರ್ ಹತ್ತಿರಕ್ಕೆ ಕರೆದೊಯ್ದರು. ಅಲ್ಲಿ ನಡೆದದ್ದನ್ನು ಮೊದಲೇ ಅರಿಕೆ ಮಾಡಿಕೊಂಡಿದ್ದೇನೆ. ಅಷ್ಟಕ್ಕೂ ನಾವು ಕೇಳಿದ್ದು ಏನನ್ನು? ತಮ್ಮ ಬಾಯಿಗೆ ಒಂದು ಮುಚ್ಚಳ ಹಾಕಿಸಿ, ಮೈಕಿನಲ್ಲಿ ತಮ್ಮನ್ನು ಸಾರ್ ಎಂದು ಕೂಗಿಸಬೇಡಿ, ಇಷ್ಟೇ. ಗಂಗಾಧರಸ್ವಾಮಿಯವರು, "ಅದ್ರ ಎಸ್ರೇ ಅದು ಕಣಮ್ಮ. ಎಸ್ರು ಬದಲಾಯ್ಸಕ್ಕೆ ಆಯ್ತದಾ?" ಎಂದು ಕೇಳಿದರು. ಎಸ್ರು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಅತ್ತೆಯವರು, "ನಮ್ಮನೇಲೂ ಅಂಗೇ ಅಂತೀವಿ ಈಗ" ಎಂದರು. ಮ್ಯಾನೇಜರಿಗೆ ಏನೂ ಅರ್ಥವಾಗಲಿಲ್ಲ.

ಆದ್ದರಿಂದ ತಮ್ಮಲ್ಲೇ ಬೇಡಿಕೊಳ್ಳುತ್ತಿದ್ದೇನೆ. ತಾವು ಪಾಠ ಹೇಳುವವರೇ ಆಗಿದ್ದರೆ ಯಾವ ಕಾಲೇಜಿನಲ್ಲಿ ಟ್ರೈನಿಂಗ್ ಆಯಿತೆಂಬುದನ್ನು ತಿಳಿಸಬೇಕು. ಪಾಠ ಹೇಳುವವರಲ್ಲದಿದ್ದರೆ ಆ ಸಾರ್ ಎಂಬುದನ್ನು ಈ ಕೂಡಲೇ ಬಿಟ್ಟುಕೊಟ್ಟು ಡೈನೋ ಅಣ್ಣ ಎಂದೋ, ಡೈನೋ ಮಾವ ಎಂದೋ, ಜಾಸ್ತಿ ಮರ್ಯಾದೆ ಬೇಕೆಂದರೆ ಡೈನೋ ಬುದ್ಧಿಯವರು ಎಂದೋ ಕರೆಸಿಕೊಳ್ಳಬೇಕು. ಒಂದು ದಿನದ ಮಟ್ಟಿಗೆ ಆ ಸರಳುಗಳನ್ನು ಕಿತ್ತುಕೊಂಡು ನಮ್ಮೂರಿಗೆ ನಡೆದು ಬಂದು, ಒಂದನೇ ಕ್ಲಾಸಿನ ಮುಂದಿನ ಸಾಲಿನಲ್ಲಿ ಮಕ್ಕಳ ಪಕ್ಕ ಚಕ್ಕಳಮಕ್ಕಳ ಕೂತು, ಅ ಆ ಇ ಈ ತಿದ್ದಿ, ತಪ್ಪು ಮಾಡಿ, ಎಲ್ಲರೆದುರು ಬೈಸಿಕೊಂಡು ಹೋಗಿದ್ದರಂತೂ ಮಗುವಿನ ಭಯ ಆಗಲೇ ಬುಡಸಮೇತ ಹೋಗುತ್ತಿತ್ತು. ಇನ್ನು ಮುಂದೆ ಬರುವುದಾದರೂ ದಾರಿಯಲ್ಲಿ ಕಬ್ಬಿನ ಗದ್ದೆ ತುಳಿಯಬಾರದು. ಸ್ಕೂಲಿನ ಬಾಗಿಲು ಗಿಡ್ಡ ಎಂಬುದನ್ನು ಮರೆಯಬಾರದು.

ಆಗ ತಾವು ಬರಲಿಲ್ಲ. ಬಂದವರು ಬೆಟ್ಟಸ್ವಾಮಿ ಮೇಷ್ಟ್ರು. ಹದಿನೈದು ದಿನ ಮಗು ಕಾಣದ್ದನ್ನು ನೋಡಿ, ಒಂದು ಸಂಜೆ ಕೈಗೆ ಕಟ್ಟಿದ ಬಟ್ಟೆಯ ಸಮೇತ ನಮ್ಮ ಬೀದಿಗೆ ಬಂದರು. ಕುರ್ಚಿ ತರಿಸೋಣವೆಂದರೆ ಬೇಡವೆಂದು ರಾಗಿ ವಾಡೆಯ ಮುಂದೆ ನೆಲದ ಮೇಲೇ ಕೂತರು. ಏನೆಂದು ವಿಚಾರಿಸಿದರು, ನಾನು ನಾಚಿಕೆ ಬಿಟ್ಟು ತಮ್ಮ ಕತೆಯನ್ನು ಪೂರಾ ಹೇಳಿದೆ. ಅವರು ನಗಲಿಲ್ಲ. ವಾಡೆಯ ಕಡೆ ತಿರುಗಿ, "ಮಧುಶ್ರೀ, ನಾನೂ ಸಾರೇ ಕಣವ್ವ. ನೀನೇ ನೋಡ್ಬುಡು, ಯಾವ್ಯಾವ್ ಮಕ್ಕ ಅವೆ ಒಳ್ಗೆ" ಎಂದು ಬಾಯನ್ನು ಆ ಎಂದು ತೆರೆದು ಹಾಗೇ ಕೂತರು. ನೊಣ ಬಂದು ಕೂತರೂ ಮುಚ್ಚಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವಳು ಹೊರಗೆ ಬಂದಳು. ದೂರದಿಂದ ನೋಡಿದಳು, ಹತ್ತಿರದಿಂದ ನೋಡಿದಳು. "ಟಾರ್ಚು ಕೊಡಜ್ಜಿ" ಎಂದು ಟಾರ್ಚು ಬಿಟ್ಟು ನೋಡಿದಳು. ಆಮೇಲೆ, ಅಯ್ಯೋ ಬೇಡವ್ವ ಎಂದು ನಾನು ಕೂಗುತ್ತಿದ್ದರೂ ಕೇಳದೆ, ಬೆರಳನ್ನು ಅವರ ಬಾಯೊಳಗೆ ಹಾಕಿ, ನಾಲಗೆ ಸರಿಸಿ, ಅದರ ಕೆಳಗೂ ಹುಡುಕಿದಳು. ನಮ್ಮ ಬೀದಿಯ ಅರ್ಧ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಮಕ್ಕ ಇಲ್ಲ. ಒಂದಲ್ಲು ಉಳುಕು" ಎಂದಳು. ಮೇಷ್ಟ್ರು ಬಾಯಿ ಮುಚ್ಚಿ, ಎಂಜಲು ನುಂಗಿ, "ಹೌದು ಕಣವ್ವ, ರಾತ್ರಿ ಬೋ ನೋವು" ಎಂದರು. ನನ್ನ ಅತ್ತೆ ಅವರಿಗೆ ಲವಂಗ ಕೊಟ್ಟರು.

ಅವಳು ಸ್ಕೂಲಿಗೆ ಒಪ್ಪಿದಳು, ಆದರೆ ಒಂದು ಕರಾರಿನ ಮೇಲೆ. "ಅವ್ವನೂ ಬರ್ಬೇಕು." ಆದ್ದರಿಂದ ಮಾನ್ಯರೇ, ತಮ್ಮ ಕೀರ್ತಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದೆ ಇದ್ದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ಸರ್ಕಾರ ಎಷ್ಟೋ ವರ್ಷದಿಂದ ಶಾಲೆ ಬಿಟ್ಟವರು ಮರಳಿ ಬನ್ನಿ ಎಂದು ಗೋಡೆಗೋಡೆಯ ಮೇಲೆ ಬರೆಸಿ ಸುಸ್ತಾಗಿದೆ. ತಾವು ಒಂದೇ ಒಂದು ಸಲ ಬಾಯಿ ತೆರೆದು, ಮೂವತ್ತು ದಾಟಿದ ಹೆಂಗಸನ್ನು ಒಂದನೇ ಕ್ಲಾಸಿನ ಕೊನೆಯ ಸಾಲಿನಲ್ಲಿ ತಂದು ಕೂರಿಸಿದಿರಿ. ಮೂರು ವಾರ ನಾನು ತರಕಾರಿ ಕೊಯ್ಯುವ ಕೆಲಸ ಬಿಟ್ಟು, ಗೋಡೆಗೆ ಒರಗಿ, ಮಕ್ಕಳ ಜೊತೆ ಮಗ್ಗಿ ಹೇಳಿದೆ. ಮೇಷ್ಟ್ರು ನನಗೂ ಒಂದು ಸ್ಲೇಟು ಕೊಟ್ಟರು. ಸ್ಲೇಟು ವಾಪಸು ಇಸಿದುಕೊಂಡು, ಅಂಗೈಯಿಂದ ಒರೆಸಿ, "ದೀರ್ಘ ಎಳೀಬೇಕು ಇಂದ್ರಾಣಮ್ಮ, ಸುಮ್ನೆ ಬಿಟ್ಬುಟ್ರೆ ಎಂಗೆ?" ಎಂದು ನನ್ನ ಕಾಗುಣಿತ ತಿದ್ದಿದರು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮೇಷ್ಟ್ರು ಬಾಯಿ ತೆರೆಯುವುದು, ಮಧುಶ್ರೀ ಪರೀಕ್ಷೆ ಮಾಡಿ ಎಲ್ಲರ ಕಡೆ ತಿರುಗಿ, "ಕಾಲಿ!" ಎಂದು ಕೂಗುವುದು ನಡೆಯಿತು. ಬರುಬರುತ್ತ ಅದೂ ದಿನ ಬಿಟ್ಟು ದಿನ ಆಯಿತು.

ಮೊನ್ನೆ ಶನಿವಾರ ಬೆಲ್ ಹೊಡೆಯುವುದಕ್ಕೆ ಮುಂಚೆ ಅವಳು ಕೊನೆಯ ಸಾಲಿಗೆ ಬಂದು ನನ್ನ ಕಿವಿಯಲ್ಲಿ, "ಅವ್ವ, ಸ್ವಾಮಾರದಿಂದ ನೀ ಬರ್ಬೇಡ. ಎಲ್ರೂ ನಗ್ತಾರೆ" ಎಂದಳು. ನಾನು, "ಸಾರು?" ಎಂದೆ. "ಸಾರ್ ಏನ್ ಮಾಡ್ತಾರೆ? ನಾ ನೋಡ್ಕತೀನಿ, ನೀ ಓಗು" ಎಂದಳು.

ಇವತ್ತು ಸೋಮವಾರ. ಅವಳೊಬ್ಬಳೇ ಹೋದಳು. ಬೀದಿಯ ಕೊನೆ ದಾಟುವವರೆಗೆ ನಿಂತು ನೋಡಿದೆ, ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನಾನು ಬೇಡಿಕೊಂಡಿದ್ದು ಇದನ್ನೇ. ಆದರೂ ಹನ್ನೊಂದು ಹೊಡೆದರೂ ಕೆಲಸಕ್ಕೆ ಹೋಗಲು ಕಾಲು ಬಾರದೆ, ನಿಂತಲ್ಲಿ ನಿಲ್ಲಲಾರದೆ, ಇವತ್ತು ಯಾವ ಪಾಠ ಮಾಡುತ್ತಿದ್ದಾರೋ ಎಂದು ಯೋಚಿಸುತ್ತ ಒಲೆಯ ಮುಂದೆ ಕೂತಿದ್ದೇನೆ. ಈ ದೂರನ್ನು ಯಾರ ಮೇಲೆ ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ. ಅದಕ್ಕೇ ತಮ್ಮ ಮೇಲೆ ಬರೆದಿದ್ದೇನೆ.

ಇಂತಿ, ತಮ್ಮ ಮೇಲೆ ಸಾಸಿವೆಯಷ್ಟೂ ವಿಶ್ವಾಸವಿಲ್ಲದೆ ಹೋದರೂ ಕಾಗದದ ಮರ್ಯಾದೆಗಾಗಿ

ತಮ್ಮ ವಿಶ್ವಾಸಿ,
ಇಂದ್ರಾಣಿ

ಮರೆತ ಮಾತು: ತಾವು ತೀರಿಕೊಂಡು ಲೆಕ್ಕಕ್ಕೆ ಸಿಗದಷ್ಟು ಕಾಲವಾಯಿತಂತೆ, ತಮ್ಮ ವಂಶದಲ್ಲಿ ಒಬ್ಬರೂ ಉಳಿದಿಲ್ಲವಂತೆ, ಮಕ್ಕಳು ಕೇಳಿದ್ದಕ್ಕೆ ಮೇಷ್ಟ್ರು ಹೇಳಿದ್ದನ್ನು ಕೊನೆಯ ಸಾಲಿನಿಂದ ಕೇಳಿಸಿಕೊಂಡೆ. ಇದನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಹೋಗಿಬಂದವರು ತಲೆಗೆ ನೀರು ಹಾಕಿಕೊಂಡೇ ಒಳಗೆ ಬರುವುದು. ಗೊತ್ತಿಲ್ಲದೆ ಎಲ್ಲರೂ ಹಾಗೇ ಒಳಗೆ ಬಂದು ಊಟ ಮಾಡಿಬಿಟ್ಟೆವು. ಸತ್ತು ಇಷ್ಟು ಕಾಲವಾದರೂ ತಮ್ಮನ್ನು ಮಣ್ಣು ಮಾಡದೆ, ಮೈಗೆ ಬಣ್ಣ ಬಳಿದು, ಬಿಸಿಲಿನಲ್ಲಿ ನಿಲ್ಲಿಸಿ ಟಿಕೆಟ್ ಹರಿಯುತ್ತಿರುವ ಗಂಗಾಧರಸ್ವಾಮಿಯವರು ತಮಗೆ ಉಳಿದಿರುವ ಒಬ್ಬರೇ ಹತ್ತಿರದ ಸಂಬಂಧಿಕರೆಂದು ತಿಳಿದು, ನನ್ನ ಸಂತಾಪವನ್ನು ಅವರಿಗೆ ಮುಟ್ಟಿಸಬೇಕಾಗಿ ವಿನಂತಿ.